ಎಫ್ ಕಾರ್ಡಿನಲ್ಲಿ ನಿಂತುಹೋದ ಹಾಡು: ತೋಟದ ರೈಟರೊಬ್ಬರ ಗಿಟಾರ್ ಅಭ್ಯಾಸ

ದಕ್ಷಿಣ ಕೊಡಗಿನ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿರುವವರ ಪ್ರಕರಣ ಇದು. ಹೊರಗಿನವರಿಗೆ ಮೊದಲೇ ಹೇಳಿಬಿಡುತ್ತೇನೆ, ತೋಟದ ರೈಟರ್ ಅಂದ್ರೆ ಕಥೆ ಬರೆಯುವವರಲ್ಲ, ಹಾಜರಿ ಬರೆಯುವವರು. ಬೆಳಿಗ್ಗೆ ಆಳುಗಳ ಹೆಸರು ಕೂಗಿ ಚೆಕ್‌ರೋಲ್‌ನಲ್ಲಿ ಗುರುತು ಹಾಕೋದು, ಯಾರಿಗೆ ಎಲ್ಲಿ ಕೆಲಸ ಅಂತ ಮೇಸ್ತ್ರಿಗೆ ಹೇಳೋದು, ಬಟವಾಡೆ ದಿನ ದುಡ್ಡು ಎಣಿಸಿ ಕೊಡೋದು ಅವರ ಕೆಲಸ. ಈ ಲೆಕ್ಕದ ಬುದ್ಧಿ ಮುಂದೆ ಕಥೆಯಲ್ಲಿ ಬರುತ್ತೆ, ಅದಕ್ಕೇ ಹೇಳಿದೆ.

ಹೆಸರು, ಊರು, ತೋಟ ಯಾವುದನ್ನೂ ಬರೆಯುತ್ತಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಇದೆ. "ಬರೀರಿ ಮಾಷ್ಟ್ರೆ, ಹೆಸರು ಮಾತ್ರ ಬೇಡ. ಹೋದ ಮಳೆಗಾಲದಲ್ಲಿ ಲೆಕ್ಕ ಯಾಕೆ ತಡ ಆಗ್ತಿತ್ತು ಅಂತ ಸಾಹುಕಾರ್ರಿಗೆ ಗೊತ್ತಾಗೋದು ಬೇಡ" ಅಂದರು. ನಾನು ಶನಿವಾರ, ಭಾನುವಾರ ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಗಿಟಾರ್ ಕಲಿಸುತ್ತೇನೆ. ಈ ಪ್ರಕರಣದಲ್ಲಿ ತಪ್ಪು ಮಾಡಿದವರಲ್ಲಿ ನಾನೂ ಒಬ್ಬ.

ಹಿನ್ನೆಲೆ

ರೈಟರಿಗೆ 43 ವರ್ಷ. ಮನೆಯಲ್ಲಿ ತಾಯಿ, ಹೆಂಡತಿ, ಎಂಟನೇ ಕ್ಲಾಸಿನ ಮಗಳು. ಗಿಟಾರ್ ಹೊಸದಲ್ಲ, ಮೈಸೂರಿನಲ್ಲಿ ಓದುವಾಗ ಕೊಂಡದ್ದು. ಆಗ ಮೂರು ಕಾರ್ಡ್ ಕಲಿತರು. ಕಾರ್ಡ್ ಅಂದ್ರೆ ಬೆರಳುಗಳಿಂದ ತಂತಿಗಳನ್ನು ಒತ್ತಿ ಹಿಡಿದು ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ನಾಲ್ಕನೆಯದು ಕೈಗೆ ಬರುವ ಮುಂಚೆ ಕೆಲಸ ಸಿಕ್ಕಿತು, ಗಿಟಾರ್ ಅಟ್ಟ ಸೇರಿತು. ಇಪ್ಪತ್ತು ವರ್ಷ ಅಲ್ಲೇ ಇತ್ತು.

ಕೆಳಗೆ ಇಳಿಸಿದ್ದು ಮಗಳು. ಶಾಲೆಯ ಕಾರ್ಯಕ್ರಮದಲ್ಲಿ ಅವಳು ಒಂದು ಹಳೆಯ ಸಿನಿಮಾ ಹಾಡು ಹೇಳುತ್ತಿದ್ದಳು. ಮಧ್ಯದಲ್ಲಿ ಕರೆಂಟ್ ಹೋಯ್ತು, ಕರೋಕೆ ನಿಂತಿತು. ಹುಡುಗಿ ನಿಲ್ಲಿಸಲಿಲ್ಲ, ಹಾಗೇ ಹಾಡಿ ಮುಗಿಸಿದಳು. ಮನೆಗೆ ಬರುವಾಗ ದಾರಿಯಲ್ಲಿ, "ಅಪ್ಪ, ನೀನು ಗಿಟಾರ್ ಬಾರಿಸಿದ್ರೆ ಕರೆಂಟ್ ಬೇಕಾಗಲ್ಲ ಅಲ್ವಾ?" ಅಂದಳಂತೆ.

ಕೊಡಗಿನಲ್ಲಿ ಮಳೆಗಾಲ ಕಳೆದವರಿಗೆ ಈ ಮಾತಿನ ತೂಕ ಗೊತ್ತು. ಜೂನ್‌ನಲ್ಲಿ ಒಂದು ಮರ ಬಿದ್ದರೆ ಸಾಕು, ಕರೆಂಟ್ ಯಾವಾಗ ಬರುತ್ತೆ ಅಂತ ಲೈನ್‌ಮ್ಯಾನಿಗೂ ಗೊತ್ತಿರೋದಿಲ್ಲ.

ಜೂನ್ ಎರಡನೇ ವಾರ ರೈಟರು ನನ್ನ ಹತ್ತಿರ ಬಂದರು. ಬೇಕಾಗಿದ್ದು ಅದೊಂದೇ ಹಾಡು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಕದಿರು ತಂದು, ಊಟ ಮುಗಿದು, ನೆಂಟರೆಲ್ಲ ಕೂತಾಗ ಮಗಳು ಹಾಡಬೇಕು, ಇವರು ಬಾರಿಸಬೇಕು. ಐದೂವರೆ ತಿಂಗಳು ಟೈಮ್ ಇತ್ತು. ಹಾಡಿಗೆ ನಾಲ್ಕೇ ಕಾರ್ಡ್: ಸಿ, ಎ ಮೈನರ್, ಎಫ್, ಜಿ. ಆರಾಮಾಗಿ ಆಗುತ್ತೆ ಅಂದೆ.

37 ಗಂಟೆ, ಎರಡು ಸಾಲು

ರೈಟರು ಶಿಸ್ತಿನ ಮನುಷ್ಯ. ಹಳೆಯ ಚೆಕ್‌ರೋಲ್ ಪುಸ್ತಕದ ಖಾಲಿ ಹಾಳೆಯಲ್ಲಿ ತಮ್ಮದೇ ಹೆಸರು ಬರೆದುಕೊಂಡು ದಿನಾ ಗುರುತು ಹಾಕತೊಡಗಿದರು. ರಾತ್ರಿ ಒಂಬತ್ತರಿಂದ ಹತ್ತು, ಒಂದು ಗಂಟೆ ಬಾರಿಸಿದರೆ '1'. ಅರ್ಧ ಗಂಟೆ ಆದರೆ '½'. ಇಲ್ಲದಿದ್ದರೆ ಗೈರು. ಎಂಟು ವಾರದಲ್ಲಿ 31 ಪೂರ್ತಿ ಹಾಜರಿ, 12 ಅರ್ಧ. ಒಟ್ಟು 37 ಗಂಟೆ. ತೋಟದ ಕೆಲಸ ಮಾಡಿಕೊಂಡು ಇಷ್ಟು ಕೂತವರನ್ನು ನಾನು ಕಡಿಮೆ ನೋಡಿದ್ದೇನೆ.

ಆದರೆ ಹಾಡು ಎರಡನೇ ಸಾಲು ದಾಟಲಿಲ್ಲ. ಮೂರನೇ ಸಾಲಿಗೆ ಎಫ್ ಬರುತ್ತೆ. ಅಲ್ಲಿ ಕೈ ನಿಲ್ಲುತ್ತೆ, ಹಾಡೂ ನಿಲ್ಲುತ್ತೆ. ಗಿಟಾರ್ ಕಲಿತವರಿಗೆ ಎಫ್ ಬಗ್ಗೆ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳೋದಾದ್ರೆ, ತೋರುಬೆರಳನ್ನು ಅಡ್ಡ ಮಲಗಿಸಿ ಮೊದಲ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗಳೇ ಫ್ರೆಟ್) ಆರೂ ತಂತಿ ಒತ್ತಬೇಕು. ಗಿಟಾರ್ ಬಿಟ್ಟುಹೋದವರಲ್ಲಿ ಅರ್ಧದಷ್ಟು ಜನ ಈ ಕಾರ್ಡಿನ ಬಾಗಿಲಲ್ಲೇ ಬಿಟ್ಟಿರಬೇಕು ಅಂತ ನನ್ನ ಗುಮಾನಿ.

ವಿಚಿತ್ರ ಅಂದ್ರೆ, ಕ್ಲಾಸಿಗೆ ಬಂದಾಗ ಎಫ್ ಸುಮಾರಾಗಿ ಬರುತ್ತಿತ್ತು. ಮನೆಗೆ ಹೋದರೆ ಇಲ್ಲ. "ನೀವು ಎದುರಿಗಿದ್ರೆ ಬರುತ್ತೆ, ಮನೆಯಲ್ಲಿ ಎಂತ ಮಾಡಿದ್ರೂ ಬರಲ್ಲ. ನನ್ನ ಮನಸ್ಸೇ ಗಟ್ಟಿ ಇಲ್ಲ ಮಾಷ್ಟ್ರೆ" ಅಂತ ಬೇಜಾರು ಮಾಡಿಕೊಂಡರು. ನಾನು ಏನಂದೆ? "ಇನ್ನೂ ಸ್ವಲ್ಪ ಜಾಸ್ತಿ ಅಭ್ಯಾಸ ಮಾಡಿ, ಬಂದೇ ಬರುತ್ತೆ." ಮಾಷ್ಟ್ರಾದವನು ಬೇರೇನೂ ತೋಚದಾಗ ಹೇಳುವ ಮಾತು ಅದು.

ಮನೆಯಲ್ಲಿ ಅಷ್ಟರಲ್ಲಿ ಎಲ್ಲರಿಗೂ ಸಾಕಾಗಿತ್ತು. ತಾಯಿ ಒಂಬತ್ತಕ್ಕೆ ಸರಿಯಾಗಿ ಟಿವಿ ಸೌಂಡ್ ಜಾಸ್ತಿ ಮಾಡುತ್ತಿದ್ದರು. "ರೀ, ಅದೊಂದು ಸಾಲು ಬಿಟ್ರೆ ಬೇರೆ ಬರೋದೇ ಇಲ್ವಾ ನಿಮ್ಗೆ?" ಅಂತ ಹೆಂಡತಿ ಕೇಳಿದರು. ಮಗಳು ಏನೂ ಹೇಳುತ್ತಿರಲಿಲ್ಲ, ರೈಟರಿಗೆ ಅದೇ ಹೆಚ್ಚು ಚುಚ್ಚಿತು.

ಮದ್ದುಸೊಪ್ಪಿನ ದಿನ

ಆಗಸ್ಟ್ 3, ಕಕ್ಕಡ ಹದಿನೆಂಟು, ಅಂದ್ರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಆ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಥರದ ಔಷಧಿ ಗುಣ ಸೇರಿರುತ್ತೆ ಅನ್ನೋದು ನಮ್ಮ ಕಡೆ ನಂಬಿಕೆ. ಪಾಯಸಕ್ಕೆ ಬನ್ನಿ ಅಂತ ರೈಟರು ಮನೆಗೆ ಕರೆದಿದ್ದರು. ನೇರಳೆ ಬಣ್ಣದ ಪಾಯಸ ಕುಡಿದು, "ಎಲ್ಲಿ, ನಿಮ್ಮ ಗಿಟಾರ್ ತನ್ನಿ" ಅಂದೆ. ಅಲ್ಲಿಯವರೆಗೂ ನಾನು ಅದನ್ನು ನೋಡೇ ಇರಲಿಲ್ಲ! ಮಳೆಯಲ್ಲಿ ಬೈಕಿನಲ್ಲಿ ತರೋದು ಕಷ್ಟ ಅಂತ ಅವರು ಯಾವಾಗಲೂ ಕ್ಲಾಸಿನ ಗಿಟಾರಿನಲ್ಲೇ ಕಲಿಯುತ್ತಿದ್ದರು.

ಅವರು ಅಡುಗೆಮನೆಗೆ ಹೋದರು. ಒಲೆಯ ಮೇಲಿನ ಅಟ್ಟದಿಂದ ಇಳಿಸಿಕೊಂಡು ಬಂದರು. ಬೂಸ್ಟು ಹಿಡಿಯಬಾರದು ಅಂತ ಅಲ್ಲಿಟ್ಟಿದ್ದರಂತೆ. ಮಳೆಗಾಲದಲ್ಲಿ ಬೇಗ ಹಾಳಾಗುವ ಎಲ್ಲವೂ ನಮ್ಮ ಕಡೆ ಒಲೆ ಅಟ್ಟಕ್ಕೇ ಹೋಗೋದು. ಗಿಟಾರಿಗೆ ಮಾತ್ರ ಅದು ಒಳ್ಳೆಯ ಜಾಗ ಅಲ್ಲ. ಹಗಲು ಬಿಸಿ ಹೊಗೆ, ರಾತ್ರಿ ಒದ್ದೆ ಗಾಳಿ. ಅಂಟು ಸಡಿಲ ಆಗಿ ಸೇತುವೆ (ಹಲಗೆಯ ಮೇಲೆ ತಂತಿಗಳನ್ನು ಸಿಕ್ಕಿಸುವ ಮರದ ತುಂಡು, ಬ್ರಿಜ್) ಕಿತ್ತು ಬರಬಹುದು. ಪುಣ್ಯಕ್ಕೆ ಅಷ್ಟಾಗಿರಲಿಲ್ಲ.

ತೊಡೆಯ ಮೇಲೆ ಇಟ್ಟುಕೊಂಡು ಎಫ್ ಹಿಡಿದೆ. ನನಗೇ ಬರಲಿಲ್ಲ. ಇಪ್ಪತ್ತೈದು ವರ್ಷದಿಂದ ಬಾರಿಸುತ್ತಿರುವ ಕೈಗೆ ಅವತ್ತು ಎಫ್ ಬರಲಿಲ್ಲ. ರೈಟರ ಮುಖ ನೋಡಬೇಕಿತ್ತು.

ಮಗಳ ಜಾಮೆಟ್ರಿ ಬಾಕ್ಸಿನ ಸ್ಕೇಲ್ ತರಿಸಿ ಅಳೆದೆ. 12ನೇ ಫ್ರೆಟ್ಟಿನ ಮೇಲೆ ಆರನೇ ತಂತಿ 4 ಮಿಲಿಮೀಟರಿಗಿಂತ ಎತ್ತರ ನಿಂತಿತ್ತು. ಸುಮಾರು ಎರಡೂವರೆ ಇದ್ದರೆ ಕೈಗೆ ಹಿತ. ಕಾರಣ ಸರಳ. ಗಿಟಾರಿನ ಮರಕ್ಕೆ ಗಾಳಿಯ ತೇವ 45ರಿಂದ 55 ಶೇಕಡ ಇದ್ದರೆ ಚೆನ್ನ. ನಮ್ಮ ಮಳೆಗಾಲದ ಮನೆಗಳಲ್ಲಿ ಅದು ಎಂಬತ್ತು ದಾಟಿಯೇ ಇರುತ್ತೆ. ಮರ ನೀರು ಕುಡಿದು ಉಬ್ಬುತ್ತೆ, ಮೇಲಿನ ಹಲಗೆ ಹೊಟ್ಟೆ ಬಿಡುತ್ತೆ, ಅದರ ಮೇಲಿನ ಸೇತುವೆ ಏರುತ್ತೆ, ತಂತಿಯೂ ಏರುತ್ತೆ. ಜೊತೆಗೆ ತಂತಿ ತುಕ್ಕು ಹಿಡಿದು ಗರಗಸದ ಹಾಗಾಗಿತ್ತು. ಆ ಮನುಷ್ಯ ಇದರ ಮೇಲೆ 37 ಗಂಟೆ ಒತ್ತಿದ್ದರು.

ಗಿಟಾರನ್ನು ಕ್ಲಾಸಿಗೆ ತಂದೆ. ಬ್ಯಾಗಿನೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಎರಡು ವಾರ ಇಟ್ಟ ಮೇಲೆ ಅರ್ಧ ಮಿಲಿಮೀಟರಿನಷ್ಟು ತಾನೇ ಇಳಿಯಿತು. ಉಳಿದದ್ದಕ್ಕೆ ಸ್ಯಾಡಲ್, ಅಂದ್ರೆ ಸೇತುವೆಯಲ್ಲಿ ತಂತಿಗಳನ್ನು ಹೊತ್ತು ನಿಲ್ಲುವ ಸಣ್ಣ ಪಟ್ಟಿ, ಮುಟ್ಟಬೇಕಾಯ್ತು. ಹಳೆಯ ಸ್ಯಾಡಲನ್ನು ಹಾಗೇ ತೆಗೆದಿಟ್ಟೆ. ಹೊಸದೊಂದನ್ನು ತಂದು, ಹಳೆಯದಕ್ಕಿಂತ ಒಂದೂವರೆ ಮಿಲಿಮೀಟರ್ ಗಿಡ್ಡ ಆಗುವ ತನಕ ತಳ ಉಜ್ಜಿದೆ. ಸ್ಯಾಡಲಿನಲ್ಲಿ ಎಷ್ಟು ಇಳಿಸುತ್ತೇವೋ 12ನೇ ಫ್ರೆಟ್ಟಿನಲ್ಲಿ ಅದರ ಅರ್ಧ ಮಾತ್ರ ಇಳಿಯೋದು, ಇದು ಗೊತ್ತಿಲ್ಲದೆ ಕೈ ಹಾಕಬೇಡಿ. ತಂತಿಯೂ ಬದಲಾಯಿತು, ದಪ್ಪದ 12ರ ಸೆಟ್ ತೆಗೆದು ತೆಳುವಾದ 10ರ ಸೆಟ್. ಮೊದಲ ತಂತಿಯ ಬಿಗಿತ ಇದರಿಂದ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಕಡಿಮೆ ಆಗುತ್ತೆ.

ಎಲ್ಲಾ ಮುಗಿದ ಮೇಲೆ ಎಫ್ ಪೂರ್ತಿ ಬಂತಾ? ಇಲ್ಲ. ಆರರಲ್ಲಿ ನಾಲ್ಕು ತಂತಿ ನುಡಿಯಿತು. ಆದರೆ "ನನ್ನ ಮನಸ್ಸೇ ಗಟ್ಟಿ ಇಲ್ಲ" ಅನ್ನೋ ಮಾತು ಆಮೇಲೆ ನಾನು ಕೇಳಲಿಲ್ಲ.

ಗಿಟಾರ್ ಇಡುವ ಜಾಗದ ಬಗ್ಗೆ ಒಂದು ಸಣ್ಣ ಜಗ್ಗಾಟ ಆಯಿತು. ಕಣ್ಣಿಗೆ ಕಾಣುವ ಹಾಗೆ ಗೋಡೆಗೆ ತೂಗುಹಾಕಿ, ದಿನಾ ಕೈಗೆತ್ತಿಕೊಳ್ಳುತ್ತೀರಿ ಅಂತ ಎಲ್ಲರೂ ಹೇಳ್ತಾರೆ. ನಾನೂ ಹೇಳುತ್ತಿದ್ದೆ. ಕೊಡಗಿನ ಗೋಡೆ ಜುಲೈನಲ್ಲಿ ಬೆವರುತ್ತೆ. ಕೊನೆಗೆ ರೈಟರೇ ದಾರಿ ಹುಡುಕಿದರು. ಗಿಟಾರ್ ಬ್ಯಾಗಿನೊಳಗೇ ಇರಲಿ, ಬ್ಯಾಗ್ ಮಾತ್ರ ಊಟದ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂರಲಿ. ಊಟಕ್ಕೆ ಕೂತರೆ ಪಕ್ಕದಲ್ಲಿ ಅದೂ ಕೂತಿರುತ್ತೆ.

ಕೆಜಿ ಲೆಕ್ಕ

ಅಭ್ಯಾಸದ ರೀತಿ ನೋಡೋಣ ಅಂತ, ಒಂದು ರಾತ್ರಿಯದನ್ನು ಪೂರ್ತಿ ಫೋನಿನಲ್ಲಿ ರೆಕಾರ್ಡ್ ಮಾಡಿಸಿದೆ. 58 ನಿಮಿಷ. ಇಬ್ಬರೂ ಕೂತು ಕೇಳಿದೆವು. ರೈಟರು ಅಭ್ಯಾಸಬಲದಿಂದ ಪೆನ್ನು ಹಿಡಿದು ಗೆರೆ ಹಾಕಿದರು. ಮೊದಲ ಸಾಲು 23 ಸಲ. ನಾಲ್ಕನೇ ಸಾಲು 2 ಸಲ. ಎಫ್ ಹತ್ತಿರ ತಪ್ಪುತ್ತೆ, "ಛೆ" ಅಂತ ಒಂದು ಸದ್ದು, ಮತ್ತೆ ಮೊದಲಿಂದ ಶುರು. ಬರುವ ಸಾಲನ್ನೇ ಬಾರಿಸಿ ಬಾರಿಸಿ ನುಣ್ಣಗೆ ಮಾಡಿದ್ದರು. ಬರದ ಸಾಲಿಗೆ ಇಡೀ ಗಂಟೆಯಲ್ಲಿ ಮೂರು ನಾಲ್ಕು ನಿಮಿಷವೂ ಸಿಕ್ಕಿರಲಿಲ್ಲ.

"ರಸ್ತೆ ಪಕ್ಕದ ಗಿಡಕ್ಕೇ ಗೊಬ್ಬರ ಹಾಕಿದ ಹಾಗಾಯ್ತು, ಒಳಗಿನ ಸಾಲು ಹಳದಿ ಹೊಡೀತಾ ಇದೆ" ಅಂದರು.

ಆಮೇಲೆ ಅವರೇ ಒಂದು ಮಾತು ಸೇರಿಸಿದರು, ಈ ಪ್ರಕರಣದ ದಿಕ್ಕು ಬದಲಿಸಿದ್ದು ಅದು. "ಮಾಷ್ಟ್ರೆ, ನಾನು ದಿನಗೂಲಿ ಹಾಜರಿ ಹಾಕ್ತಾ ಇದ್ದೆ. ಕುಯ್ಲಿನಲ್ಲಿ ನಾವು ಹಾಜರಿ ಹಾಕಲ್ಲ, ಕೆಜಿ ಲೆಕ್ಕ ಹಾಕ್ತೀವಿ." ಕಾಫಿ ಹಣ್ಣು ಕುಯ್ಯುವಾಗ ಎಷ್ಟು ಹೊತ್ತು ಗಿಡದ ಹತ್ತಿರ ನಿಂತರು ಅನ್ನೋದು ಯಾರಿಗೂ ಬೇಡ. ಸಂಜೆ ಕಣದಲ್ಲಿ ಚೀಲ ತೂಗಿದಾಗ ಎಷ್ಟು ಬಂತು ಅನ್ನೋದೇ ಕೂಲಿ.

ಸರಿ, ಗಂಟೆ ಬಿಟ್ಟು ಎಣಿಕೆ ಶುರು ಮಾಡಿದೆವು. ಒಂದು ನಿಮಿಷ ಟೈಮರ್ ಇಟ್ಟು, ಸಿಯಿಂದ ಎಫ್, ಎಫ್‌ನಿಂದ ಸಿ. ಎಷ್ಟು ಸಲ ಬದಲಾಯ್ತು, ಬರೆದುಕೋ. ಗಿಟಾರ್ ಕಲಿಸುವವರಲ್ಲಿ ಇದು ಹಳೆಯ ಅಭ್ಯಾಸವೇ. ಮೊದಲ ದಿನ 11. ಎರಡು ವಾರದಲ್ಲಿ 34. ಚೆಕ್‌ರೋಲ್ ನೋಡಿ ರೈಟರಿಗೆ ಖುಷಿಯೋ ಖುಷಿ.

ಭಾನುವಾರ ಕ್ಲಾಸಿಗೆ ಬಂದು ಬಾರಿಸಿದರು. ಕೈ ಓಡುತ್ತಿದೆ, ಸದ್ದು ಮಾತ್ರ ತಗಡಿನ ಮೇಲೆ ಮಳೆ ಬಿದ್ದ ಹಾಗಿದೆ. ನಾನು ಹೇಳುವ ಮುಂಚೆ ಅವರಿಗೇ ಗೊತ್ತಾಯಿತು. ಕೆಜಿ ಲೆಕ್ಕದಲ್ಲಿ ಇದೊಂದು ತೊಂದರೆ ಯಾವಾಗಲೂ ಇದೆ. ತೂಕ ಬರಲಿ ಅಂತ ಹಣ್ಣು, ಕಾಯಿ, ಎಲೆ ಎಲ್ಲಾ ಸೇರಿಸಿ ಒಂದೇ ಎಳೆತಕ್ಕೆ ಉಜ್ಜಿ ಚೀಲಕ್ಕೆ ಹಾಕುವವರು ಇರ್ತಾರೆ. ರೈಟರ ಕೆಲಸವೇ ಅಂಥ ಚೀಲವನ್ನು ಬಿಚ್ಚಿಸಿ ನೋಡೋದು. "ನಾನೇ ಕಾಯಿ ಉಜ್ಜಿದೀನಿ" ಅಂತ ನಕ್ಕರು, ಆದರೆ ನಗು ಅಷ್ಟು ಚೆನ್ನಾಗಿರಲಿಲ್ಲ.

ಹೊಸ ನಿಯಮ: ಪೂರ್ತಿ ನುಡಿದ ಎಫ್ ಮಾತ್ರ ಲೆಕ್ಕಕ್ಕೆ. ಆ ರಾತ್ರಿ ಸಂಖ್ಯೆ 34ರಿಂದ 6ಕ್ಕೆ ಬಿತ್ತು. ಒಂದು ವಾರ ಅವರು ಚೆಕ್‌ರೋಲ್ ಮುಟ್ಟಲಿಲ್ಲ. ಇಲ್ಲಿ ಅವರು ಬಿಟ್ಟುಬಿಡಬಹುದಿತ್ತು. ನಾನು ಫೋನ್ ಮಾಡಲೋ ಬೇಡವೋ ಅಂತ ಎರಡು ದಿನ ಯೋಚಿಸಿ, ಕೊನೆಗೆ ಮಾಡಿದೆ. ಅಭ್ಯಾಸದ ವಿಷಯ ಎತ್ತಲಿಲ್ಲ. "ಎಫ್ ಹಿಡಿದು ಒಂದೊಂದೇ ತಂತಿ ಮೀಟಿ, ಯಾವುದು ಸತ್ತಿದೆ ಅಂತ ಮಾತ್ರ ನೋಡಿ ಹೇಳಿ" ಅಂದೆ.

ಎರಡನೆಯದು ಅಂದರು. ಯಾವಾಗಲೂ ಎರಡನೆಯದೇ.

ಮುಂದಿನ ಕ್ಲಾಸಿನಲ್ಲಿ ಅವರ ಬೆರಳನ್ನು ಹತ್ತಿರದಿಂದ ನೋಡಿದೆವು. ತೋರುಬೆರಳಿನ ಗಂಟಿನ ಗೆರೆ ಇದೆಯಲ್ಲ, ಆ ತಗ್ಗು ಸರಿಯಾಗಿ ಎರಡನೇ ತಂತಿಯ ಮೇಲೆ ಬೀಳುತ್ತಿತ್ತು. ಎಷ್ಟು ಒತ್ತಿದರೂ ಗುಂಡಿಯಲ್ಲಿ ಕೂತ ತಂತಿ ನುಡಿಯೋದಿಲ್ಲ. ಬೆರಳನ್ನು ಮೂರು ನಾಲ್ಕು ಮಿಲಿಮೀಟರ್ ಮೇಲೆ ಸರಿಸಿ, ಸ್ವಲ್ಪ ಪಕ್ಕಕ್ಕೆ ಹೊರಳಿಸಿ, ಗಟ್ಟಿ ಭಾಗ ತಂತಿಗೆ ತಾಗುವ ಹಾಗೆ ಮಾಡಿದೆ. ಇನ್ನೊಂದು ವಿಷಯವನ್ನೂ ತೋರಿಸಿದೆ. ಎಫ್‌ನಲ್ಲಿ ಮೂರು, ನಾಲ್ಕು, ಐದನೇ ತಂತಿಗಳನ್ನು ಬೇರೆ ಬೆರಳುಗಳು ಒತ್ತಿರುತ್ತವೆ. ತೋರುಬೆರಳು ನುಡಿಸಬೇಕಾಗಿರೋದು ಒಂದು, ಎರಡು, ಆರು, ಈ ಮೂರು ಮಾತ್ರ. ಆರನ್ನೂ ಹಿಸುಕುತ್ತಾ ಹೆಬ್ಬೆರಳು ನೋಯಿಸಿಕೊಳ್ಳೋದು ಬೇಕಾಗಿಲ್ಲ. ಅವತ್ತೇ ಅಲ್ಲೇ ಎಫ್ ನುಡಿಯಿತು. ಮೂರು ತಿಂಗಳ ಕಷ್ಟದಲ್ಲಿ ಒಂದು ಪಾಲು ಗಿಟಾರಿನದು, ಒಂದು ಪಾಲು ಮೂರು ಮಿಲಿಮೀಟರಿನದು.

ಹಾರ್ಲಿಕ್ಸ್ ಬಾಟಲಿ

ಎಫ್ ಬಂತು, ಆದರೂ ಅಭ್ಯಾಸ ಅನ್ನೋದು ಇನ್ನೂ ಕಷಾಯ ಕುಡಿದ ಹಾಗೇ ಇತ್ತು. ಇದು ಆಶ್ಚರ್ಯ ಅಲ್ಲ. 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು ಬರ್ಲಿನ್ನಿನ ವಯಲಿನ್ ವಿದ್ಯಾರ್ಥಿಗಳ ಅಭ್ಯಾಸದ ಬಗ್ಗೆ ಬರೆದ ಪ್ರಬಂಧವನ್ನು ಎಲ್ಲರೂ ಗಂಟೆಗಳ ಲೆಕ್ಕಕ್ಕೆ ನೆನೆಯುತ್ತಾರೆ. ಕೊರತೆ ಹುಡುಕಿ ತಿದ್ದುವ ಅಭ್ಯಾಸ ತನ್ನಷ್ಟಕ್ಕೇ ಖುಷಿ ಕೊಡುವಂಥದ್ದಲ್ಲ ಅಂತಲೂ ಅದರಲ್ಲೇ ಬರೆದಿದ್ದಾರೆ. ಅದನ್ನು ಯಾರೂ ಹೇಳೋದಿಲ್ಲ. ವೃತ್ತಿಗಾಗಿ ಕಲಿಯುವವನು ಖುಷಿ ಇಲ್ಲದೆಯೂ ಕೂರುತ್ತಾನೆ. ಬೆಳಿಗ್ಗೆ ಏಳೂವರೆಗೆ ಹಾಜರಿ ಕೂಗಬೇಕಾದ ಮನುಷ್ಯ ಯಾಕೆ ಕೂರಬೇಕು?

ದಾರಿ ಹುಡುಕಿದ್ದು ಮಗಳು. ಕ್ಲಾಸಿನಲ್ಲಿ ನಾನು ಹಾಡನ್ನು ತುಂಡು ಮಾಡಿ ಕೊಟ್ಟಿದ್ದೆ. ಮೂರನೇ ಸಾಲು ಮಾತ್ರ, ತಾಳ ಹಾಕುವ ಮೆಟ್ರೋನೋಮ್ ನಿಮಿಷಕ್ಕೆ 50 ಬಡಿತದಲ್ಲಿ. ಎರಡನೇ ಸಾಲಿನ ಕೊನೆಯಿಂದ ಮೂರನೆಯದಕ್ಕೆ ಹೋಗುವ ಜಾಗ ಮಾತ್ರ. ಎಡಗೈ ಸುಮ್ನಿಟ್ಟು ಬಲಗೈ ಮಾತ್ರ. ಹೀಗೆ. ಹುಡುಗಿ ಇವನ್ನೆಲ್ಲ ಚೀಟಿಯಲ್ಲಿ ಬರೆದು ಮಡಿಸಿ ಹಳೆಯ ಹಾರ್ಲಿಕ್ಸ್ ಬಾಟಲಿಗೆ ಹಾಕಿದಳು. ರಾತ್ರಿ ಊಟ ಆದ ಮೇಲೆ ಅವಳು ಮೂರು ಚೀಟಿ ಎತ್ತೋದು, ಅಪ್ಪ ಒಂದೊಂದಕ್ಕೆ ಐದು ನಿಮಿಷ ಬಾರಿಸೋದು. ಹದಿನೈದು ನಿಮಿಷಕ್ಕೆ ಅಂಗಡಿ ಬಂದ್. ತನ್ನ ಕಡೆಯಿಂದಲೂ ಕೆಲವು ಚೀಟಿ ಸೇರಿಸಿದ್ದಳು. 'ಕಣ್ಣು ಮುಚ್ಚಿಕೊಂಡು ಬಾರಿಸು.' 'ಅಜ್ಜಿಗೆ ಕೇಳಿಸದ ಹಾಗೆ ಬಾರಿಸು.' 'ಸುಮ್ನೆ ಏನಾದ್ರೂ ಬಾರಿಸು.' ಕೊನೆಯದು ಬಂದ ದಿನ ರೈಟರು ಹದಿನೈದು ನಿಮಿಷ ಮೀರುತ್ತಿದ್ದರಂತೆ.

ಮೊದಮೊದಲು ನನಗೆ ಅನುಮಾನ ಇತ್ತು. ಒಂದನ್ನು ಪೂರ್ತಿ ಗಟ್ಟಿ ಮಾಡದೆ ಇನ್ನೊಂದಕ್ಕೆ ಹಾರೋದು ಸರಿಯಾ? ನನ್ನ ಗುರುಗಳು ಹಾಗೆ ಕಲಿಸಿದವರಲ್ಲ. ಆದರೆ ಇದಕ್ಕೂ ಒಂದು ಹಳೆಯ ಪರೀಕ್ಷೆ ಇದೆ. 1979ರಲ್ಲಿ ಷಿಯಾ ಮತ್ತು ಮಾರ್ಗನ್ ಅನ್ನುವ ಇಬ್ಬರು ಕೈಚಳಕದ ಮೂರು ಕೆಲಸಗಳನ್ನು ಒಂದು ಗುಂಪಿಗೆ ಒಂದಾದ ಮೇಲೊಂದು, ಇನ್ನೊಂದು ಗುಂಪಿಗೆ ಕಲಸಿ ಕಲಿಸಿದರು. ಕಲಿಯುವಾಗ ಕಲಸಿ ಕಲಿತವರೇ ನಿಧಾನ. ಹತ್ತು ದಿನ ಬಿಟ್ಟು ನೋಡಿದಾಗ ನೆನಪಿಟ್ಟುಕೊಂಡವರೂ ಅವರೇ. ರೈಟರ ಮನೆಯಲ್ಲೂ ಹಾಗೇ ಕಂಡಿತು. ರಾತ್ರಿ ಬಾರಿಸುವಾಗ ತಡವರಿಕೆ ಜಾಸ್ತಿ. ಭಾನುವಾರ ನನ್ನೆದುರು ಬಾರಿಸುವಾಗ ಹಿಂದಿನದಕ್ಕಿಂತ ಗಟ್ಟಿ.

ಚೀಟಿಯ ಗುಟ್ಟು ಬರೀ ಕಲಸುವುದರಲ್ಲಿ ಇರಲಿಲ್ಲ ಅಂತ ನನಗೆ ಈಗ ಅನಿಸುತ್ತೆ. ಒಂಬತ್ತು ಗಂಟೆಗೆ ಸುಸ್ತಾದ ತಲೆಗೆ 'ಈಗ ಏನು ಬಾರಿಸೋದು' ಅಂತ ಯೋಚಿಸುವ ಕೆಲಸ ತಪ್ಪಿತು. ಬೆಳಿಗ್ಗೆ ಆಳುಗಳಿಗೆ ಯಾರು ಎಲ್ಲಿ ಅಂತ ರೈಟರು ಹೇಳುತ್ತಾರೆ, ರಾತ್ರಿ ರೈಟರಿಗೆ ಮಗಳು ಹೇಳುತ್ತಾಳೆ. ಮತ್ತೆ, ಎದುರಿಗೆ ಒಬ್ಬರು ಕೂತಿರುತ್ತಾರೆ. ಅಜ್ಜಿ ಟಿವಿ ಸೌಂಡ್ ಕಡಿಮೆ ಮಾಡಿ, ಇವತ್ತು ಯಾವ ಚೀಟಿ ಬಂತು ಅಂತ ಕೇಳತೊಡಗಿದರು.

ಮಗಳ ಶ್ರುತಿ

ಅಕ್ಟೋಬರ್‌ನಲ್ಲಿ, ಕಾವೇರಿ ಸಂಕ್ರಮಣ ಕಳೆದ ಮೇಲೆ, ಮೊದಲ ಸಲ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಹುಡುಗಿಗೆ ಆ ಶ್ರುತಿ ತಗ್ಗಾಯಿತು, ಮಂದ್ರದ ಸ್ವರಗಳು ಗಂಟಲಲ್ಲೇ ಉಳಿದವು. ಎರಡು ಫ್ರೆಟ್ ಮೇಲೆ ಹೋದರೆ ಸರಿಹೋಗುತ್ತಿತ್ತು. ಅಂದ್ರೆ ಕೇಪೋ ಹಾಕಬೇಕು, ಒಂದು ಫ್ರೆಟ್ಟಿನಲ್ಲಿ ಎಲ್ಲಾ ತಂತಿ ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್.

ಇಲ್ಲಿ ಹಿಂದಿನ ಒಂದು ಮಾತು ಹೇಳಬೇಕು. ಗಿಟಾರ್ ಗೊತ್ತಿರುವವರು ಇಷ್ಟು ಹೊತ್ತಿಗೆ ಕೇಳಿರುತ್ತೀರಿ: ಐದನೇ ಫ್ರೆಟ್ಟಿಗೆ ಕೇಪೋ ಹಾಕಿ ಜಿ, ಇ ಮೈನರ್, ಸಿ, ಡಿ ಹಿಡಿದಿದ್ರೆ ಎಫ್ ಗೋಳೇ ಇರುತ್ತಿರಲಿಲ್ಲವಲ್ಲ? ನಾನು ಜುಲೈನಲ್ಲೇ ಹೇಳಿದ್ದೆ. ಅವರು ಒಪ್ಪಲಿಲ್ಲ. "ಅದು ಕಳ್ಳದಾರಿ. ಎಫ್ ನನ್ ಕೈಲಿ ಆಗಲ್ಲ ಅಂತ ಒಪ್ಕೊಂಡ ಹಾಗಾಗುತ್ತೆ" ಅಂದರು. ನಾನೂ ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತಾ ಅಂತ ಈಗಲೂ ಎರಡು ಮನಸ್ಸು. ಮಾಡಿದ್ದರೆ ಹಾಡು ಆಗಸ್ಟಿನಲ್ಲೇ ಮುಗಿಯುತ್ತಿತ್ತು.

ಈ ಸಲ ಕೇಪೋ ಬಂದದ್ದು ಮಗಳ ಗಂಟಲಿಗಾಗಿ. ತಕರಾರೇ ಇಲ್ಲ. ಎರಡನೇ ಫ್ರೆಟ್ಟಿಗೆ ಹಾಕಿ, ಅದೇ ಸಿ, ಎ ಮೈನರ್, ಎಫ್, ಜಿ. ಹಾಕಿದ ಕೂಡಲೇ ಅವರು ನನ್ನ ಮುಖ ನೋಡಿದರು. ಎಫ್ ಮೊದಲಿಗಿಂತ ಹಗುರ ಆಗಿತ್ತು. ಯಾಕೆಂದರೆ ಮೊದಲ ಫ್ರೆಟ್ಟಿನಲ್ಲಿ ಬೆರಳು ನಟ್‌ಗೆ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಅಂಟಿಕೊಂಡೇ ಇರುತ್ತೆ, ಅಲ್ಲಿ ತಂತಿ ಎತ್ತರ, ಅದನ್ನು ಬಗ್ಗಿಸಲು ಬಲ ಜಾಸ್ತಿ ಬೇಕು. ಕೇಪೋ ತಂತಿಯನ್ನು ಫ್ರೆಟ್ಟಿಗೇ ಒತ್ತಿ ಹಿಡಿಯುತ್ತೆ. "ಇದು ಕಳ್ಳದಾರಿ ಅಲ್ವಾ ಹಾಗಾದ್ರೆ?" ಅಂತ ಕೇಳಿದೆ. "ಇದು ಅವಳ ಶ್ರುತಿ ಮಾಷ್ಟ್ರೆ" ಅಂದರು. ನಾನು ಸುಮ್ಮನಾದೆ.

ಬಲಗೈ ಮಾತ್ರ ಇನ್ನೂ ಮರದ ಹಾಗಿತ್ತು. ಆರರ ಎಣಿಕೆಯ ಹಾಡು. ಕೆಳಗೆ, ಮೇಲೆ ಅಂತ ಬಾಣದ ಗುರುತು ಹಾಕಿದ ಕಾಗದ ಕೊಟ್ಟಿದ್ದೆ. ಅವರು ಕಾಗದ ನೋಡುತ್ತಾ ಬಾರಿಸುತ್ತಿದ್ದರು, ಸಾಲದ ಪತ್ರ ಓದುವ ಹಾಗೆ. ಒಂದು ದಿನ ಕ್ಲಾಸು ಮುಗಿದು ಟೀ ಕುಡಿಯುವಾಗ ಹೊರಗೆ ಯಾವುದೋ ಮದುವೆಯ ವಾಲಗ ಕೇಳಿಸಿತು. ಅವರ ಬಲಗೈ ತಾನಾಗಿ ಮೇಜು ತಟ್ಟುತ್ತಿತ್ತು, ಭುಜವೂ ಸ್ವಲ್ಪ ಆಡುತ್ತಿತ್ತು. ಕೊಡಗಿನಲ್ಲಿ ವಾಲಗ ಕೇಳಿದರೆ ಸುಮ್ಮನೆ ಕೂರುವ ಭುಜ ಇಲ್ಲ. ನನ್ನ ಕಿವಿಗೆ ಆ ಓಟ ಆರರ ಲೆಕ್ಕದಲ್ಲೇ ಕೇಳುತ್ತೆ. "ಅದೇ ಕೈಯನ್ನು ಹಾಗೇ ತಂದು ಗಿಟಾರಿನ ಮೇಲಿಡಿ" ಅಂದೆ. ತಂತಿಗಳನ್ನು ಎಡಗೈಯಿಂದ ಮುಚ್ಚಿ, ಬರೀ ಟಕ ಟಕ ಸದ್ದು. ಎರಡು ನಿಮಿಷ ಹಾಗೇ ಬಾರಿಸಿದರು. ಆಮೇಲೆ ಎಡಗೈ ಬಿಟ್ಟು ಸಿ ಹಿಡಿದರು. ಬಾಣದ ಕಾಗದ ನಾನೇ ಮಡಿಸಿ ಜೇಬಿಗೆ ಹಾಕಿಕೊಂಡೆ. ಮೊದಲ ದಿನವೇ ಅವರ ಕೈಯಲ್ಲಿ ಏನಿದೆ ಅಂತ ಕೇಳಿದ್ದರೆ ಈ ಕಾಗದ ಬೇಕಾಗುತ್ತಿರಲಿಲ್ಲ.

ಹುತ್ತರಿ, ಆಮೇಲೆ ಕುಯ್ಲು

ನವೆಂಬರ್‌ನಲ್ಲಿ ಬಾಟಲಿಗೆ ಹೊಸ ಚೀಟಿಗಳು ಬಿದ್ದವು: 'ನಾಲ್ಕನೇ ಸಾಲಿನಿಂದ ಶುರು', 'ಎರಡನೇ ಸಾಲಿನ ಮಧ್ಯದಿಂದ ಶುರು', 'ತಪ್ಪಿದರೂ ನಿಲ್ಲಿಸಬೇಡ'. ಮೊದಲಿಂದ ಶುರು ಮಾಡುವ ಚಟ ಬಿಡಿಸಲು ನಾನು ಹೇಳಿ ಬರೆಸಿದ್ದು ಇವು.

ಹುತ್ತರಿ ರಾತ್ರಿ ಗದ್ದೆಗೆ ಹೋಗಿ ಕದಿರು ಕೊಯ್ದು, 'ಪೊಲಿ ಪೊಲಿ ದೇವಾ' ಕೂಗಿ, ಪಟಾಕಿ ಹೊಡೆದು, ತಂಬಿಟ್ಟು ಗೆಣಸು ತಿಂದು ಎಲ್ಲರೂ ಕೂತಾಗ ಹನ್ನೊಂದಾಗಿತ್ತಂತೆ. ನಾನು ಅಲ್ಲಿರಲಿಲ್ಲ, ರೆಕಾರ್ಡಿಂಗ್ ಕೇಳಿದ್ದೇನೆ. ಎರಡನೇ ಚರಣದಲ್ಲಿ ಎಫ್ ಪೂರ್ತಿ ತಪ್ಪಿದೆ. ಒಂದು ಆವರ್ತ ಗಿಟಾರೇ ಇಲ್ಲ. ಹುಡುಗಿ ಹಾಡುತ್ತಲೇ ಇದ್ದಾಳೆ. ಆಮೇಲೆ ಜಿ ಬರುವ ಜಾಗದಲ್ಲಿ ಗಿಟಾರ್ ಮತ್ತೆ ಸೇರಿಕೊಳ್ಳುತ್ತೆ, ಏನೂ ಆಗದ ಹಾಗೆ. ಆ ಒಂದು ಆವರ್ತದ ಮೌನವನ್ನು ನಾನು ಮೂರು ನಾಲ್ಕು ಸಲ ಹಾಕಿ ಕೇಳಿದೆ. ಜೂನ್‌ನಲ್ಲಾಗಿದ್ದರೆ ಅಲ್ಲಿ "ಛೆ" ಇರುತ್ತಿತ್ತು.

ಕರೆಂಟ್ ಹೋಯ್ತಾ ಅಂತ ಕೇಳಿದೆ. ಹೋಗಲಿಲ್ಲವಂತೆ. ಮಗಳೇ ಲೈಟ್ ಆರಿಸಿದ್ದಳಂತೆ.

ಡಿಸೆಂಬರ್‌ನಿಂದ ಕುಯ್ಲು. ಆಗ ರೈಟರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಸಂಜೆ ತೂಕ, ಕಣ, ಪಲ್ಪರ್, ರಾತ್ರಿ ಲೆಕ್ಕ. ಅಭ್ಯಾಸ ಪೂರ್ತಿ ನಿಲ್ಲುತ್ತೆ ಅಂತ ನಾನು ಅಂದುಕೊಂಡಿದ್ದೆ. ಮೂರು ಚೀಟಿ ಒಂದು ಚೀಟಿ ಆಯಿತು, ಐದು ನಿಮಿಷ ಎರಡಾಯಿತು, ವಾರಕ್ಕೆ ಮೂರು ನಾಲ್ಕು ದಿನ. ಜನವರಿಯಲ್ಲಿ ಹತ್ತು ದಿನ ಏನೂ ಇಲ್ಲ. ಚೆಕ್‌ರೋಲ್‌ನಲ್ಲಿ ಆ ಹತ್ತು ದಿನಕ್ಕೆ ಗೈರು ಹಾಕುವ ಬದಲು ಮಗಳು 'ರಜೆ' ಅಂತ ಬರೆದಿದ್ದಳು. ಗೈರಾದವನು ಮತ್ತೆ ಬರಲು ನಾಚುತ್ತಾನೆ, ರಜೆಯಲ್ಲಿದ್ದವನು ರಜೆ ಮುಗಿದ ಮೇಲೆ ಬರುತ್ತಾನೆ. ಇದನ್ನು ನನಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ.

ಫೆಬ್ರವರಿ ಕೊನೆಗೆ ಅವರು ಕ್ಲಾಸಿಗೆ ವಾಪಸ್ ಬಂದರು. ಸಿಯಿಂದ ಎಫ್, ಪೂರ್ತಿ ನುಡಿದದ್ದು ಮಾತ್ರ ಎಣಿಸಿದರೆ, ಹುತ್ತರಿ ಹೊತ್ತಿಗೆ 29 ಇದ್ದದ್ದು 24 ಆಗಿತ್ತು. ಒಂದೇ ವಾರದಲ್ಲಿ ಮತ್ತೆ ಮೊದಲಿನಷ್ಟಾಯಿತು.

ನನ್ನ ಕ್ಲಾಸಿನಲ್ಲಿ ಈಗ ಬದಲಾದದ್ದು

ಮೊದಲ ದಿನ ಯಾರು ಬಂದರೂ, ಎಷ್ಟೇ ಮಳೆ ಇರಲಿ, ಅವರ ಗಿಟಾರ್ ತರಲೇಬೇಕು. ಮೇಜಿನ ಮೇಲೆ ಸ್ಕೇಲ್ ಇಟ್ಟುಕೊಂಡಿದ್ದೇನೆ. ಎರಡನೇ ವಾರ ಮನೆಯ ಅಭ್ಯಾಸದ ರೆಕಾರ್ಡಿಂಗ್ ಕೇಳುತ್ತೇನೆ. ಎಷ್ಟು ಹೊತ್ತು ಕೂತಿರಿ ಅಂತ ಕೇಳೋದನ್ನು ಬಿಟ್ಟಿದ್ದೇನೆ.

ಬಾಟಲಿಯನ್ನು ಬೇರೆ ಇಬ್ಬರಿಗೂ ಹೇಳಿದೆ. ಕಾಲೇಜು ಹುಡುಗನೊಬ್ಬನಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. "ಸರ್, ಚೀಟಿ ಎತ್ತೋಕೆ ಯಾರೂ ಇಲ್ಲ, ನಾನೇ ಎತ್ತಿದ್ರೆ ಸುಲಭದ್ದು ಬರೋ ತನಕ ಎತ್ತುತ್ತೀನಿ" ಅಂದ. ಅವನಿಗೆ ಬೇರೆ ದಾರಿ ಹುಡುಕುತ್ತಿದ್ದೇನೆ. ಬ್ಯಾಂಕಿನಲ್ಲಿರುವ ಒಬ್ಬರು ಹೆಂಗಸಿಗೆ ಚೆನ್ನಾಗಿ ಒಗ್ಗಿದೆ. ಅವರ ಮನೆಯಲ್ಲಿ ಚೀಟಿ ಎತ್ತೋದು ಅತ್ತೆ.

ಮಾರ್ಚ್‌ನಲ್ಲಿ, ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಿದ್ದ ಒಣ ದಿನಗಳಲ್ಲಿ ರೈಟರು ಫೋನ್ ಮಾಡಿದರು. "ಮಾಷ್ಟ್ರೆ, ತಂತಿ ಝರ್ ಝರ್ ಅಂತಿದೆ, ನಾನೇನೂ ತಪ್ಪು ಮಾಡಿಲ್ಲ." ಗಾಳಿ ಒಣಗಿ ಹಲಗೆ ಇಳಿದು, ತಂತಿ ಫ್ರೆಟ್ಟಿಗೆ ತಾಗುತ್ತಿತ್ತು. ತೆಗೆದಿಟ್ಟಿದ್ದ ಹಳೆಯ ಸ್ಯಾಡಲ್ ಹಾಕಿಕೊಟ್ಟೆ. ಗಿಡ್ಡ ಸ್ಯಾಡಲನ್ನು ಅವರು ಬೆಂಕಿಪೊಟ್ಟಣಕ್ಕೆ ಹಾಕಿ, ಮೇಲೆ 'ಜೂನ್' ಅಂತ ಬರೆದು, ಗಿಟಾರ್ ಬ್ಯಾಗಿನ ಜೇಬಿನಲ್ಲಿ ಇಟ್ಟುಕೊಂಡರು.